ಮಹಾದೇವಕ್ಕನ ಬಾಯಿ

"ಇವತ್ತೂ ನೀರ ಬರಲಿಲ್ಲಂದ್ರ ನೀವೂ ಮನಿಗೆ ಬರಬ್ಯಾಡ್ರಿ" ಎಂದು ಸುಧಾರಾಣಿ ಖಾಲಿ ಕೊಡವನ್ನು ಗಂಡನ ಮುಂದೆ ಕುಕ್ಕಿದಳು. ಮರುದಿನ ಬಸುರಿ ನಾದಿನಿ ರೇಷ್ಮಾಳ ಕುಬಸ. ಅಣ್ಣಿಗೇರಿಯಿಂದ ಬೀಗರು ಟಂಟಂ ಗಾಡಿ ಮಾಡಿಕೊಂಡು ಬರುವವರಿದ್ದರು. ಮನೆಯಲ್ಲಿ ಅವರ ಕಾಲಿಗೆ ಕೊಡಲೂ ನೀರಿರಲಿಲ್ಲ.

ಪುಂಡಲೀಕ ತಲೆ ತಗ್ಗಿಸಿದ. ಬೇರೆ ಗಂಡನಾಗಿದ್ದರೆ ಪಂಚಾಯತಿಯನ್ನು ಬೈದು ಪಾರಾಗುತ್ತಿದ್ದ. ಇವನು ಪಂಚಾಯತಿಯ ಕಂಪ್ಯೂಟರ್ ನೋಡಿಕೊಳ್ಳುವವನು, ಊರಿಗೆ ನೀರು ಬಿಡುವುದೂ ಆ ಕಂಪ್ಯೂಟರೇ. ಕುಂದಗೋಳದ ಬಾಜುವಿನ ಊರು ಅದು. ಹೆಸರು ಬೇಡ, ಹೆಸರಿನಿಂದಲೇ ಇಷ್ಟೆಲ್ಲ ರಾದ್ಧಾಂತವಾದದ್ದು.

ನೀರು ಬಿಡುವ ಪ್ರೋಗ್ರಾಮನ್ನು ಹಿಂದೆ ಇದ್ದವನೊಬ್ಬ ಬರೆದು ಕೈತೊಳೆದುಕೊಂಡಿದ್ದ. ಇಡೀ ಪ್ರೋಗ್ರಾಮಿಗೆ ಒಂದೇ ಫಂಕ್ಷನ್ನು, ಅಂದರೆ ಹೆಸರಿಟ್ಟ ಆಜ್ಞೆಗಳ ಒಂದೇ ಗಂಟು; ಅದರ ಹೆಸರು ‘ಎಲ್ಲಾ ಮಾಡು’. ಮೋಟರು ಹಚ್ಚುವುದು, ಓಣಿ ಓಣಿಗೆ ನೀರು ತಿರುಗಿಸುವುದು, ನಿಲ್ಲಿಸುವುದು ಎಲ್ಲ ಅದರ ಹೊಟ್ಟೆಯೊಳಗೇ. ತುದಿ ಹಿಡಿದರೆ ಬುಡ ಸಿಗದು, ಬುಡ ಹಿಡಿದರೆ ತುದಿ ಸಿಗದು. ಜೊತೆಗೆ ಪ್ರೋಗ್ರಾಮಿಗೆ ಒಂದು ಚಟವಿತ್ತು. ಯಾವ ಫಂಕ್ಷನ್ನಿಗೆ ಕೈಹಾಕಿದರೂ ಮೊದಲು ಅದರ ಹೆಸರನ್ನು ಪಂಚಾಯತಿ ಮೈಕಿನಲ್ಲಿ ಕೂಗಬೇಕು, ಕೂಗಿ ಮುಗಿದ ಮೇಲೆಯೇ ಕೆಲಸ. ದಿನಾ ಮಧ್ಯಾಹ್ನ ಮೈಕು "ಎಲ್ಲಾ ಮಾಡು" ಎಂದರೆ ಊರು ಕೊಡ ಎತ್ತಿಕೊಳ್ಳುತ್ತಿತ್ತು. ಕೆಳಗಿನ ಓಣಿಯ ಕೊಡ ಮಾತ್ರ ಒಣಗಿರುತ್ತಿತ್ತು. ಪುಂಡಲೀಕನ ಮನೆ ಇದ್ದದ್ದು ಅಲ್ಲೇ.

ಅವತ್ತು ಅವನು ಗಟ್ಟಿ ಮನಸ್ಸು ಮಾಡಿ ಆ ಗಂಟನ್ನು ಬಿಚ್ಚಲು ಕೂತ. ಒಂದೊಂದು ಕೆಲಸವನ್ನು ಬೇರೆ ತೆಗೆದು, ಸಣ್ಣ ಸಣ್ಣ ಫಂಕ್ಷನ್ ಮಾಡಿ ಹೆಸರಿಡತೊಡಗಿದ. ಕರ ವಸೂಲಿಯ ಪ್ರಭು ಅಡಿಕೆ ಮೆಲ್ಲುತ್ತ ಹಿಂದೆ ಬಂದು ನಿಂತ.

"‘ವಾಲ್ವ್ ಮೂರು’ ಅಂದ್ರ ಯಾವದಲೇ?"

"ಮ್ಯಾಗಿನ ಓಣಿದು."

"ಹೆಸರ ಇಟ್ರ ಓದಿದಾಂವಗ ತಿಳೀಬೇಕಪಾ. ಜನ ಏನಂತಾರ ಅದನ್ನ ಬರಿ."

ಪ್ರಭು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ನೀರು ತಿರುಗಿಸುವ ವಾಲ್ವಿಗೆ ಆ ಊರಲ್ಲಿ ‘ಬಾಯಿ’ ಎನ್ನುತ್ತಾರೆ. ಯಾರ ಮನೆ ಮುಂದಿದೆಯೋ ಅವರ ಬಾಯಿ. ಪುಂಡಲೀಕ ಹಾಗೆಯೇ ಬರೆಯುತ್ತ ಹೋದ. ಬರೆಯುತ್ತಲೇ ಕಳ್ಳ ಸಿಕ್ಕಿಬಿದ್ದ: ಮೇಲಿನ ಓಣಿಯ ವಾಲ್ವನ್ನು ತೆಗೆಯುವ ಮಾತಿತ್ತು, ಮುಚ್ಚುವ ಮಾತೇ ಇರಲಿಲ್ಲ! ಕೆಳಗಿನ ಓಣಿಗೆ ನೀರು ಎಲ್ಲಿಂದ ಬರಬೇಕು? ಪುಂಡಲೀಕ ಹಿಗ್ಗಿ ಹೀರೇಕಾಯಾಗಿ ಹೊಸದೊಂದು ಫಂಕ್ಷನ್ ಸೇರಿಸಿ, ಪ್ರೋಗ್ರಾಮು ಹಚ್ಚಿಯೇ ಬಿಟ್ಟ. ಮೈಕಿನ ಚಟ ಅವನಿಗೆ ನೆನಪಾಗಲಿಲ್ಲ.

"ಕರಿಸಿದ್ದಪ್ಪನ ಬಾಯಿ ತೆಗಿ" ಎಂದಿತು ಮೈಕು. ಊರು ಕೊಡ ಇಳಿಸಿ ಕಿವಿಗೊಟ್ಟಿತು.

"ಮಹಾದೇವಕ್ಕನ ಬಾಯಿ ತೆಗಿ." ಸ್ವಲ್ಪ ಹೊತ್ತಿನ ಮೇಲೆ, "ಮಹಾದೇವಕ್ಕನ ಬಾಯಿ ಬಂದ್ ಮಾಡು."

ಗುಡಿಯ ಕಟ್ಟೆಯ ಮೇಲೆ ಚಪ್ಪಾಳೆ ಬಿತ್ತು. "ಸರಕಾರ ಇಷ್ಟ ದಿವಸಕ್ಕ ಒಂದ ಚಲೋ ಕೆಲಸ ಹಿಡದೈತಿ ನೋಡ್ರಿ" ಎಂದರು ಯಾರೋ. ಮೇಲಿನ ಓಣಿಯ ಮಹಾದೇವಕ್ಕ ಪಂಚಾಯತಿ ಅಧ್ಯಕ್ಷೆ. ಸಭೆಯಲ್ಲಿ ಆಕೆ ಮಾತು ಶುರು ಮಾಡಿದರೆ ಎಲ್ಲರ ಚಹಾ ಆರಿ ಕೆನೆಗಟ್ಟುತ್ತಿತ್ತು. ಪುಂಡಲೀಕ ಗಡಬಡಿಸಿ ಪ್ರೋಗ್ರಾಮನ್ನೇ ನಿಲ್ಲಿಸಿದ. ಮೈಕು ನಿಂತಿತು, ನೀರೂ ನಿಂತಿತು. ಮಹಾದೇವಕ್ಕ ಮಾತ್ರ ನಿಲ್ಲದೆ ನೇರ ಒಳಗೆ ಬಂದಳು.

"ನನ್ನ ಹೆಸರ ಮೈಕಿನ್ಯಾಗ ಹಾಕಿದಾಂವ ಯಾರಲೇ?"

"ನಾನರಿ ಅಕ್ಕಾರ... ತಪ್ಪಾತ್ರಿ. ಅದು ವಾಲ್ವಿನ ಬಾಯಿರಿ."

"ಅಷ್ಟು ನನಗ ತಿಳಿತೈತಿ. ‘ಮಾನ್ಯ ಅಧ್ಯಕ್ಷರು’ ಅಂತ ಎಲ್ಲೈತಿ? ಕರಿಸಿದ್ದಪ್ಪಂದು ಮೊದಲ, ನಂದು ಆಮ್ಯಾಗ ಯಾಕ?"

ಪುಂಡಲೀಕ ಉಸಿರು ಬಿಟ್ಟು ‘ಮಾನ್ಯ ಅಧ್ಯಕ್ಷರು’ ಸೇರಿಸುವಷ್ಟರಲ್ಲಿ ಕರಿಸಿದ್ದಪ್ಪ ಬಂದ. "ಊರಾಗ ಇಬ್ಬರು ಕರಿಸಿದ್ದಪ್ಪ ಅದೀವಿ. ನಮ್ಮಪ್ಪನ ಹೆಸರೂ ಹಚ್ಚಪಾ." ದಾವೂದಸಾಬನದು ಬೇರೆ ತಕರಾರು: "ಬಾಯಿ ನನ್ನ ಮನಿ ಮುಂದ ಐತಿ ಖರೆ, ಜಾಗಾ ಕೊಟ್ಟಾಂವ ನಮ್ಮಣ್ಣ. ಅಂವಂದೂ ಹಾಕು." ಕೋಲೂರಿಕೊಂಡು ಬಂದ ಬಸವಣ್ಣೆವ್ವ, "ನಮ್ಮ ಮನಿ ಮುಂದ ಬಾಯಿ ಇಲ್ಲಂದ್ರ ನಮಗ ಊರಾಗ ಹೆಸರ ಇಲ್ಲನೋ ತಮ್ಮಾ?" ಎಂದು ಕಣ್ಣೊರೆಸಿಕೊಂಡಳು. ಆಕೆಯ ಹಿಂದೆ ಬಾಗಿಲ ತನಕ ಜನ.

"ಹೆಸರ ಅಗದಿ ಸ್ಪಷ್ಟ ಆದುವು ನೋಡು" ಎಂದ ಪ್ರಭು, ಹೊಸ ಅಡಿಕೆ ಬಾಯಿಗೆ ಹಾಕಿಕೊಂಡು.

ಕರೆಂಟು ಇರುವುದು ಆರರವರೆಗೆ. ಪುಂಡಲೀಕ ಎಲ್ಲರ ಹೆಸರನ್ನೂ ಕುಟ್ಟಿ ಮುಗಿಸಿದಾಗ ಹೊತ್ತು ವಾಲಿತ್ತು. ಪ್ರೋಗ್ರಾಮನ್ನು ಮತ್ತೆ ಮೊದಲಿನಿಂದ ಹಚ್ಚಿದ. "ಮಾನ್ಯ ಅಧ್ಯಕ್ಷರಾದ ಶ್ರೀಮತಿ ಮಹಾದೇವಕ್ಕನವರ..." ಎಂದು ಮೈಕು ರಾಗ ಎಳೆಯಿತು. ಜನ ನೀರು ಮರೆತು ತಮ್ಮ ತಮ್ಮ ಹೆಸರಿಗೆ ಕಾಯ್ದರು. ಕೆಳಗಿನ ಓಣಿಯ ನಲ್ಲಿಗಳ ಮುಂದೆ ಸುಧಾರಾಣಿ ಕೊಡಗಳ ಸಾಲು ಹಚ್ಚಿ ನಿಂತಿದ್ದಳು. ಅಪ್ಪಂದಿರು, ಅಣ್ಣಂದಿರು, ಬಸವಣ್ಣೆವ್ವನ ತವರುಮನೆ ಎಲ್ಲ ಮುಗಿದು ಕೊನೆಗೆ ಕೆಳಗಿನ ಓಣಿಯ ಪಾಳಿ ಬಂತು.

"ಸುಧಾರಾಣಿಯ ಗಂಡ ಪುಂಡಲೀಕನ ಬಾಯಿ..." ಎನ್ನುತ್ತಿದ್ದಂತೆ ಕರೆಂಟು ಹೋಯಿತು.

ಪುಂಡಲೀಕ ಹೊಸ್ತಿಲಿಗೆ ಬಂದಾಗ ಹೆಂಡತಿ ಒಣ ಕೊಡದ ಮೇಲೆ ಕೂತಿದ್ದಳು. ಪ್ರೋಗ್ರಾಮು ಈಗ ಎಷ್ಟು ಸರಿಯಾಗಿದೆ, ಒಂದೊಂದು ಫಂಕ್ಷನ್ನೂ ಎಷ್ಟು ತಿಳಿಯಾಗಿದೆ ಎಂದು ಬಿಡಿಸಿ ಹೇಳಲು ಅವನು ಬಾಯಿ ತೆಗೆದ.

"ಬಂದ್ ಮಾಡ್ರಿ" ಎಂದಳು ಸುಧಾರಾಣಿ.