ಮಳೆಗಾಗಿ ಬರೆದ ಷರತ್ತು

ಸ್ವಂತ ಜೇಬಿನಿಂದ ಕೊಡುವಾಗ ನಾನು ಬಹಳ ಲೆಕ್ಕಾಚಾರದ ಮನುಷ್ಯ. ಸಂಘದ ದುಡ್ಡಾದರೆ ಕರ್ಣ. ಈ ಗುಣದಿಂದಲೇ ಐರ್ಲೆಂಡಿನ ಲೂಕನ್‌ನ ನಮ್ಮ ಪುಟ್ಟ ಕ್ರಿಕೆಟ್ ಕ್ಲಬ್ ಕೊರೊನಾ ವರ್ಷದಲ್ಲಿ ಮುಳುಗುವ ಹಂತಕ್ಕೆ ಬಂತು. ಅಧ್ಯಕ್ಷರು ಪ್ಯಾಟ್ ಎಂಬ ಐರಿಷ್ ಹಿರಿಯರು, ಕಾರ್ಯದರ್ಶಿ ನಾನು. ಹಿಂದಿನ ವರ್ಷ ಲೀಗ್‌ನಲ್ಲಿ ಕೊನೆಯ ಸ್ಥಾನ ನಮ್ಮದಾಗಿತ್ತು. ಆ ಅವಮಾನ ತೊಳೆಯಲು, ಮಕ್ಕಳ ಅಭ್ಯಾಸದ ನೆಟ್ಸ್‌ಗೆಂದು ಕೂಡಿಟ್ಟ ಹಣಕ್ಕೆ ಕೈಹಾಕಿ, ಮಂಡ್ಯದ ಬಸವರಾಜು ಎಂಬ ವೇಗದ ಬೌಲರನ್ನು ಒಂದು ಸೀಸನ್ನಿಗೆ ಸಂಬಳ ಕೊಟ್ಟು ಕರೆಸಿದೆವು.

ಕರಾರುಪತ್ರ ಬರೆದವನು ನಾನು. ಬಸವರಾಜು ಫೋನಿನಲ್ಲಿ ಒಂದೇ ಒಂದು ಅನುಮಾನ ಕೇಳಿದ್ದ: "ಸಾರ್, ಅಲ್ಲಿ ಮಳೆ ಜಾಸ್ತಿಯಂತೆ. ಮ್ಯಾಚ್ ನಿಂತೋದ್ರೆ ಸಂಬಳಾನೂ ನಿಂತೋಯ್ತದಾ?" ಇಡೀ ಐರ್ಲೆಂಡಿನ ಮರ್ಯಾದೆ ನನ್ನ ಕೈಯಲ್ಲಿದೆ ಎನ್ನಿಸಿತು. ಯಾವುದೇ ಕಾರಣಕ್ಕೆ ಪಂದ್ಯ ನಡೆಯದಿದ್ದರೂ ಪೂರ್ತಿ ಸಂಬಳ, ಜೊತೆಗೆ ಕಾರ್ಯದರ್ಶಿಯ ಮನೆಯಲ್ಲಿ ಊಟ-ವಸತಿ ಎಂದು ಬರೆದೆ. 'ಮಳೆಯ ಕಾರಣಕ್ಕೆ' ಎಂದಿದ್ದರೆ ಸಾಕಿತ್ತು. ಆದರೆ 'ಯಾವುದೇ' ಎಂಬ ಪದಕ್ಕೆ ಒಂದು ಗತ್ತಿದೆ ನೋಡಿ. ಕಮಿಟಿಯವರು ಓದದೆ ಸಹಿ ಹಾಕಿದರು. ನನ್ನ ಇಂಗ್ಲಿಷಿನ ಮೇಲೆ ಅವರಿಗೆ ಅಷ್ಟು ನಂಬಿಕೆ.

ಬಸವರಾಜು ಮಾರ್ಚಿನಲ್ಲಿ ಬಂದಿಳಿದ. ಎರಡೇ ವಾರಕ್ಕೆ ಲಾಕ್‌ಡೌನ್. ಆಟ ಬಂದ್, ವಿಮಾನ ಬಂದ್, ಸದಸ್ಯರ ಚಂದಾ ಬಂದ್. ಅವನ ಸಂಬಳವೊಂದು ಮಾತ್ರ ತಪ್ಪದೆ ಹೋಗುತ್ತಿತ್ತು. ಉಡುಪಿ ಕಡೆಯವಳಾದ ನನ್ನ ಹೆಂಡತಿ ಸುಮಾ ಅವನಿಗಾಗಿ ರಾಗಿಮುದ್ದೆ ಕಟ್ಟುವುದನ್ನು ಕಲಿತಳು. ಎರಡನೇ ತಿಂಗಳಿಗೆ, ದಿನಕ್ಕೆ ಎಷ್ಟು ಮುದ್ದೆ ಎಂದು ಕರಾರಿನಲ್ಲಿ ಯಾಕೆ ಬರೆಯಲಿಲ್ಲ ಎಂದು ನನ್ನನ್ನೇ ಕೇಳಿದಳು. ಕಂಪ್ಯೂಟರಿನಲ್ಲಿ ಸೇರಿದ ಸಭೆಯಲ್ಲಿ ಪ್ಯಾಟ್ ಕೂಡ ಏನೂ ಗೊತ್ತಿಲ್ಲದವರಂತೆ ಕೇಳಿದರು, ಈ ಷರತ್ತು ಬರೆದವರು ಯಾರು ಎಂದು. ಫೈಲ್ ನೋಡಿ ಹೇಳುತ್ತೇನೆ ಎಂದೆ. ಫೈಲು ನನ್ನ ತೊಡೆಯ ಮೇಲೇ ಇತ್ತು. ನೆಟ್ಸ್‌ಗಾಗಿ ಕಾದಿದ್ದ ಮಕ್ಕಳಲ್ಲಿ ನನ್ನ ಮಗಳೂ ಒಬ್ಬಳು ಎಂಬುದು ನೆನಪಾಗಿ ನಿಜಕ್ಕೂ ನಾಚಿಕೆಯಾಯಿತು.

ನನಗಿಂತ ಹೆಚ್ಚು ನಾಚಿದವನು ಬಸವರಾಜು. "ಒಂದ್ ಬಾಲೂ ಹಾಕ್ದೆ ದುಡ್ ತಗಳಕೆ ಮನ್ಸು ಒಪ್ತಿಲ್ಲ ಸಾರ್. ನೀವಾದ್ರೂ ಬ್ಯಾಟ್ ಹಿಡ್ಕಳಿ," ಎಂದ. ಹಿತ್ತಿಲಿನ ಕಸದ ಡಬ್ಬವೇ ವಿಕೆಟ್ಟಾಯಿತು. ಮೊದಲ ಚೆಂಡು ಬಂದದ್ದು ನನಗೆ ಕಾಣಲಿಲ್ಲ. ಡಬ್ಬಕ್ಕೆ ಬಡಿದದ್ದು ಮಾತ್ರ ಕೇಳಿಸಿತು. ನಾನಿನ್ನೂ ರೆಡಿ ಇರಲಿಲ್ಲ ಎಂದು ವಾದಿಸಿದೆ. ಸುಮಾ ಅಡುಗೆಮನೆಯ ಕಿಟಕಿಯಿಂದಲೇ ಸೌಟೆತ್ತಿ ಔಟ್ ಕೊಟ್ಟಳು.

ವರ್ಷದ ಕೊನೆಯ ಸಭೆಯಲ್ಲಿ ವರದಿ ಓದುವ ಕೆಲಸವೂ ಕಾರ್ಯದರ್ಶಿಯದೇ. ಬಸವರಾಜು, ಆಡಿದ ಪಂದ್ಯ ಸೊನ್ನೆ, ಪಡೆದ ವಿಕೆಟ್ ಒಂದು ಎಂದು ಓದಿದೆ. ಇಷ್ಟು ದುಬಾರಿ ವಿಕೆಟ್ ಯಾರದು ಎಂದು ಪ್ಯಾಟ್ ಕೇಳಿದರು. ಬಸವರಾಜು ಪಕ್ಕದಲ್ಲೇ ಕುಳಿತಿದ್ದ. ಫೈಲಿನ ನೆಪ ಮತ್ತೆ ನಡೆಯುವಂತಿರಲಿಲ್ಲ.

"ಆ ಷರತ್ತು ಬರೆದವನದು," ಎಂದೆ.

ಪ್ಯಾಟ್ "ಗ್ರ್ಯಾಂಡ್" ಎಂದರು; ಐರಿಷರ ಬಾಯಲ್ಲಿ ಅದಕ್ಕೆ 'ಸರಿ, ಆಯ್ತು' ಎಂದಷ್ಟೇ ಅರ್ಥ. ಹಾಗಾದರೆ ಮಕ್ಕಳ ನೆಟ್ಸ್ ಆ ಬರೆದವರೇ ಸ್ವಂತ ಜೇಬಿನಿಂದ ಕೊಡಿಸಲಿ ಎಂದೂ ಸೇರಿಸಿದರು. ನೆಟ್ಸ್ ಅಂಗಡಿಯವನು ಕಳಿಸಿದ ಕರಾರನ್ನು ನಾನು ಮೂರು ಸಲ ಓದಿದೆ. ಅದರಲ್ಲಿದ್ದ ಒಂದು 'ಯಾವುದೇ'ಯನ್ನು ಹೊಡೆದುಹಾಕಿಸಿ ಆಮೇಲೆ ಸಹಿ ಹಾಕಿದೆ.