ತಿದಿ ಸೋರುವ ಪಿಯಾನೊ

ಹವ್ಯಾಸವಿರುವ ಗಂಡಸು ಬರಿಗೈಯಲ್ಲಿ ಮನೆಗೆ ಬರುವುದಿಲ್ಲ. ಅವನ ಹೆಂಡತಿಯ ಸಂಕಟವೂ ಅದೇ. ನಾನು ಚಿಕ್ಕೋಡಿಯಲ್ಲಿ ಸ್ಟೀಲ್ ಪಾತ್ರೆಯ ಅಂಗಡಿ ಇಟ್ಟವನು. ಪಾತ್ರೆ ಮಾರಿಕೊಂಡು ತೆಪ್ಪಗಿರಬಹುದಿತ್ತು. ಆದರೆ ನಿಪ್ಪಾಣಿಯಲ್ಲಿ ತಂಬಾಕಿನ ಸಾಹುಕಾರರೊಬ್ಬರ ಹಳೆಯ ವಾಡೆ ಕೆಡವುವಾಗ ತಾನೇ ನುಡಿಯುವ ಪಿಯಾನೊ ಒಂದು ಕಣ್ಣಿಗೆ ಬಿತ್ತು. ತೂತು ಕೊರೆದ ಕಾಗದದ ಸುರುಳಿಯನ್ನು ಅದರೊಳಗಿಟ್ಟು ಕೆಳಗಿನ ಪೆಡಲ್ ತುಳಿಯಬೇಕು. ತಿದಿ ಗಾಳಿ ಎಳೆಯುತ್ತದೆ, ಸುರುಳಿ ತಿರುಗುತ್ತದೆ, ತೂತು ಬಂದಲ್ಲೆಲ್ಲ ಬಿಳಿ-ಕರಿ ಪಟ್ಟಿಗಳು ತಾವೇ ಕುಣಿದು ಹಾಡು ನುಡಿಸುತ್ತವೆ. ಸಂಗೀತದ ಗಂಧವಿಲ್ಲದ ನನಗೆ ಹೇಳಿ ಮಾಡಿಸಿದಂಥ ವಾದ್ಯ.

ಕಬ್ಬು ಸಾಗಿಸುವ ಟ್ರ್ಯಾಕ್ಟರಿನಲ್ಲಿ ಅದು ಮನೆಗೆ ಬಂದಾಗ ಓಣಿಯವರು ಹೊಸ ಕಪಾಟು ಬಂತೆಂದುಕೊಂಡರು. ನನ್ನ ಹೆಂಡತಿ ಶಾಂತಾ ಸುತ್ತಲೂ ನೋಡಿ, “ಇದರಾಗ ಏನರ ಇಡಾಕ ಬರ್ತೈತೇನ್ರಿ?” ಎಂದಳು. ಬರುವುದಿಲ್ಲವೆಂದು ತಿಳಿದ ಮೇಲೆ ಕೆಲವು ದಿನ ನನ್ನ ಊಟದಲ್ಲಿ ಉಪ್ಪು ಹೆಚ್ಚಾಯಿತು. ನಾನು ಮಾತ್ರ ಮಿರಜ, ಕೊಲ್ಹಾಪುರದ ಗುಜರಿ ಅಂಗಡಿಗಳಲ್ಲಿ ಸುರುಳಿ ಹುಡುಕುತ್ತ ತಿರುಗಿದೆ. ಸಿಕ್ಕವೆಲ್ಲ ಯಾವ ಕಾಲದ್ದೋ ಇಂಗ್ಲಿಷ್ ಕುಣಿತದ ಹಾಡುಗಳು. ಹರಿದ ತಿದಿಗೆ ಅಥಣಿಯಿಂದ ಚಪ್ಪಲಿಯ ಮೆತ್ತನೆಯ ಚರ್ಮ ತಂದು ನಾನೇ ಅಂಟಿಸಿದೆ. ನಾನು ಕೈ ಹಾಕಿದ ಕೆಲಸ ಪೂರ್ತಿ ಕೆಡುವುದೂ ಇಲ್ಲ, ಪೂರ್ತಿ ಆಗುವುದೂ ಇಲ್ಲ. ಹಾಡೇನೋ ಬಂತು, ಆದರೆ ಗಾಳಿ ಎಲ್ಲೆಲ್ಲೋ ಸೋರಿ, ಜೀವ ಹೋಗುವಂತೆ ತುಳಿಯಬೇಕಾಗುತ್ತಿತ್ತು.

ಅದೇ ಹೊತ್ತಿಗೆ ಶಾಂತಾ ಬಚ್ಚಲಲ್ಲಿ ಜಾರಿ ಬಿದ್ದು ಕಾಲು ಮುರಿದುಕೊಂಡಳು. ಪ್ಲಾಸ್ಟರ್ ಬಿಚ್ಚಿದ ಮೇಲೂ ಪಾದ ಮರದ ತುಂಡಿನ ಹಾಗೆ ಬಿಗಿದುಕೊಂಡಿತ್ತು. ದಿನಾ ಮೇಲೆ ಕೆಳಗೆ ಆಡಿಸದಿದ್ದರೆ ಕುಂಟು ಉಳಿದೀತು ಎಂದರು ಡಾಕ್ಟರು. ಇವಳು ಕೇಳಬೇಕಲ್ಲ. “ಸುಮ್ನ ಕಾಲ ಆಡಿಸ್ಕೋತ ಕೂಡಾಕ ನನಗೇನ್ ಬ್ಯಾರೆ ಕೆಲಸಿಲ್ಲೇನ್ರಿ?” ಎಂದು ನನ್ನ ಬಾಯಿ ಮುಚ್ಚಿಸಿದಳು. ಮನೆತುಂಬ ಓಡಾಡುತ್ತಿದ್ದವಳು ಗೋಡೆ ಹಿಡಿದು ನಡೆಯುವುದನ್ನು ನೋಡಿ ನನಗೆ ನಿಜಕ್ಕೂ ಭಯವಾಗಿತ್ತು.

ಒಂದು ಮಧ್ಯಾಹ್ನ ಪಿಯಾನೊ ತುಳಿಯುತ್ತಿದ್ದವನು ಏದುಸಿರು ಬಂದು ನಡುವೆಯೇ ನಿಲ್ಲಿಸಿದೆ. ಶಾಂತಾಳಿಗೆ ಅರ್ಧಕ್ಕೆ ಬಿಟ್ಟ ಯಾವ ಕೆಲಸವನ್ನೂ ಕಂಡರಾಗದು. “ಹಾಡ ನಡಬರಕ ಬಿಟ್ಟ ಎದ್ದರೇನ್ರಿ? ಸರೀರಿ ಅತ್ತಾಗ,” ಎಂದು ಗೋಡೆ ಹಿಡಿದು ಬಂದು ಕೂತು ತಾನೇ ತುಳಿಯತೊಡಗಿದಳು. ನೋವಿಗೆ ಕಣ್ಣಲ್ಲಿ ನೀರು ಬಂತು, ಆದರೂ ಹಾಡು ಮುಗಿಯುವತನಕ ಬಿಡಲಿಲ್ಲ. ಮರುದಿನ ಇನ್ನೊಂದು ಸುರುಳಿ ಹಾಕಿಸಿಕೊಂಡಳು. ಆಮೇಲೆ ದಿನಾ ಅದೇ ಆಯಿತು. ಸುರುಳಿ ಬದಲಿಸುವುದು, ಚಹಾ ಮಾಡುವುದು ನನ್ನ ಪಾಲಿಗೆ ಬಂತು.

ಮುಂದಿನ ಸಲ ಕಾಲು ತೋರಿಸಲು ಹೋದಾಗ ಅವಳು ಯಾರ ಕೈಯೂ ಹಿಡಿಯದೆ ಡಾಕ್ಟರ ಕೋಣೆಯೊಳಗೆ ನಡೆದು ಹೋದಳು. “ಏನ್ ವ್ಯಾಯಾಮ ಮಾಡಿದ್ರಿ ಅಕ್ಕಾರ?” ಎಂದು ಅವರು ಬೆರಗಾದರು. “ನಮ್ಮ ಮನಿಯವ್ರು ನನ್ನ ಸಲುವಾಗಿ ಬೇಕಂತನ ಪಿಯಾನೊದ ತಿದಿ ಸೋರೂ ಹಂಗ ರಿಪೇರಿ ಮಾಡ್ಯಾರ್ರಿ. ಜೋರ್ ತುಳೀಬೇಕಾಕ್ಕೈತಿ,” ಎಂದಳು ಇವಳು. ಹೊರಗೆ ಬಂದ ಮೇಲೆ, “ಯಾಕ ಸುಳ್ಳ ಹೇಳಿದಿ?” ಎಂದೆ. “ಇರ್ಲಿ ಬಿಡ್ರಿ. ಜಲ್ಮದಾಗ ಒಮ್ಮೆರ ನಿಮ್ಮ ರಿಪೇರಿಗೆ ಯಾರರ ಶಾಬಾಸ್ ಅನ್ಲಿ,” ಎಂದು ನಕ್ಕು ನನಗಿಂತ ಮುಂದೆ ನಡೆದಳು. ಅವಳ ಹಿಂದೆ ಹೋಗುತ್ತ ನಾನು ಆ ಸಾಹುಕಾರರಿಗೆ, ಅಥಣಿಯ ಚರ್ಮಕ್ಕೆ, ಎಲ್ಲಕ್ಕಿಂತ ಹೆಚ್ಚಾಗಿ ಅವಳಿಗೆ ಮನಸ್ಸಿನಲ್ಲೇ ಕೈ ಮುಗಿದೆ.

ನಿನ್ನೆ ಡಾಕ್ಟರು ಫೋನ್ ಮಾಡಿದ್ದರು. ಶೇಡಬಾಳದಲ್ಲಿರುವ ಅವರ ತಾಯಿಗೂ ಕಾಲು ಬಿಗಿದುಕೊಂಡಿದೆಯಂತೆ. ಮನೆಯಲ್ಲಿ ಕಾಲಿನಿಂದ ತುಳಿಯುವ ಹಳೆಯ ಹಾರ್ಮೋನಿಯಂ ಇದೆಯಂತೆ. ಅದನ್ನೂ ಅಷ್ಟೇ ಹದವಾಗಿ ಸೋರುವಂತೆ ಮಾಡಿಕೊಡಬೇಕಂತೆ. ಒಪ್ಪಿಕೊಂಡು ಕೂತಿದ್ದೇನೆ, ಆದರೆ ನಿದ್ದೆ ಬರುತ್ತಿಲ್ಲ. ಮನಸ್ಸಿಟ್ಟು ರಿಪೇರಿ ಮಾಡಿದ್ದಕ್ಕೆ ನಮ್ಮದು ಅಷ್ಟು ಸೋರಿತು. ಬೇಕೆಂದೇ ಕೆಡಿಸಲು ಹೋದರೆ ಎಲ್ಲಿ ಸರಿಯಾಗಿಬಿಡುತ್ತದೋ ಎಂಬ ಹೆದರಿಕೆ.