ಹತ್ತಿ ಗೋಡೌನಿನ ಕೆಮ್ಮು

ಮಟಮಟ ಮಧ್ಯಾಹ್ನ. ವಾಚ್‌ಮನ್ ಜಂಬಯ್ಯ ಗೋಡೌನಿನೊಳಗೆ ಒಬ್ಬನೇ ಕಸ ಹೊಡೆಯುತ್ತಿದ್ದ. ಹತ್ತಿಯ ಸುಗ್ಗಿ ಮುಗಿದು ಮಿಲ್ಲು ನಿಂತಿತ್ತು, ಕೂಲಿಯವರು ಊರಿಗೆ ಹೋಗಿದ್ದರು. ನೆಲದ ತುಂಬ ಬಿದ್ದ ಹತ್ತಿ ಎಳೆ ಪೊರಕೆಯ ಸದ್ದನ್ನೂ ನುಂಗುತ್ತಿತ್ತು. ಹತ್ತಿ ತುಂಬಿದ ಅಂಡಿಗೆಗಳು ಗೋಡೆಗುಂಟ, ಕಂಬಳಿ ಹೊದ್ದ ಮುದುಕರ ಹಾಗೆ ಕೂತಿದ್ದವು.

ಆ ಅಂಡಿಗೆಗಳ ಹಿಂದಿನಿಂದ ಯಾರೋ ಕೆಮ್ಮಿದರು.

ಜಂಬಯ್ಯ ನಿಂತ. ಗೋಡೌನಿಗೆ ಇರುವುದು ಒಂದೇ ಬಾಗಿಲು. ಅದರ ಕೀಲಿಕೈ ಬೆಳಗಿನಿಂದ ಅವನ ಉಡಿದಾರದಲ್ಲೇ ಇತ್ತು. ಮತ್ತೆ ಕೆಮ್ಮು ಬಂತು, ಈ ಸಲ ಹತ್ತಿರದಿಂದ. ಎದೆಯೊಳಗೆ ಹತ್ತಿ ಸಿಕ್ಕಿಕೊಂಡವರ ಒಣ ಕೆಮ್ಮು. ಗಾಳಿಯೇ ಇಲ್ಲದಾಗ ಒಂದು ಎಳೆ ತೇಲಿ ಬಂದು ಅವನ ಮೂಗಿನ ಮುಂದೆ ನಿಂತಿತು.

ಪೊರಕೆ ಅಲ್ಲೇ ಬಿತ್ತು. ಬಾಲಕ್ಕೆ ಪಟಾಕಿ ಕಟ್ಟಿದ ಕರುವೂ ಹಾಗೆ ಓಡುವುದಿಲ್ಲ ಎಂದು ನೋಡಿದವರು ಆಮೇಲೆ ಹೇಳಿದರು. ಗೋಡೌನು ತೆರೆದಿತ್ತು, ಗೇಟೂ ತೆರೆದಿತ್ತು. ರಸ್ತೆಯ ಮೇಕೆಗಳು ಮದುವೆ ಪಂಕ್ತಿಗೆ ಬಂದ ಹಾಗೆ ಸಾಲಾಗಿ ಒಳಗೆ ಹೋಗಿ ಹತ್ತಿಕಾಳಿನ ಚೀಲ ಹರಿದು ತಿಂದವು. ಅಂಡಿಗೆಗಳ ಹಿಂದೆಯೂ ಚೀಲಗಳಿದ್ದವು. ಆ ಕಡೆ ಮಾತ್ರ ಒಂದು ಮೇಕೆಯೂ ಹೋಗಲಿಲ್ಲ.

ಮಿಲ್ಲಿನ ಸಾಹುಕಾರ ಮರುಳಪ್ಪ ಬಂದು ಮೇಕೆಗಳನ್ನು ಓಡಿಸಿದ. ತಿರುಗಿ ಬಂದ ಜಂಬಯ್ಯನಿಂದ ಕೀಲಿಕೈ ಕಸಿದು ಗೋಡೌನಿಗೆ ತಾನೇ ಬೀಗ ಹಾಕಿ, ಅದನ್ನು ಜೇಬಿಗಿಳಿಸಿದ.

"ಯಾಕಲೇ ಓಡಿದಿ?"

ಕೆಮ್ಮಿಗೆ ಅಂಜಿದ ವಾಚ್‌ಮನ್ ಅನ್ನಿಸಿಕೊಳ್ಳಲು ಜಂಬಯ್ಯನಿಗೆ ನಾಚಿಕೆಯಾಯಿತು. "ಹೊಟ್ಟಿ ಕೆಟ್ಟಿತ್ರಿ" ಎಂದ.

"ಹಂಗಾರ ಕೆಲಸಾನೂ ಕೆಟ್ಟಿತು. ದೀಪ ಹಚ್ಚೋದ್ರಾಗ ಖೋಲಿ ಖಾಲಿ ಮಾಡು."

ಗೇಟಿನ ಪಕ್ಕದ ಖೋಲಿ ಕೆಲಸದ ಜೊತೆಗೇ ಸಿಕ್ಕಿದ್ದು. ಜಂಬಯ್ಯನ ಹೆಂಡತಿ ಕೆಂಚಕ್ಕ ಟ್ರಂಕು ತಂದು ಹೊರಗಿಟ್ಟು ಅದರ ಮೇಲೆ ಕೂತಳು. ಅವರಿಗೆ ಹೋಗಲು ಬೇರೆ ಮನೆ ಇರಲಿಲ್ಲ.

ಗೇಟಿನೆದುರು ಮಂಡಕ್ಕಿ, ಮಿರ್ಚಿ, ಚಾ ಮಾರುವ ಮೈಲಮ್ಮ ಎಣ್ಣೆ ಸೋರುವ ಸೌಟು ಹಿಡಿದೇ ರಸ್ತೆ ದಾಟಿ ಬಂದಳು.

"ಖರೇ ಹೇಳು ಜಂಬಯ್ಯ. ಕೆಮ್ಮು ಕೇಳ್ತು, ಹೌದಿಲ್ಲೋ?"

"ನಿನಗ್ಹೆಂಗ ಗೊತ್ತಬೇ?"

"ಅದು ಪಾಲಣ್ಣ. ನಿನ್ನಕಿಂತ ಮೊದ್ಲು ಅವನ ಇಲ್ಲಿ ವಾಚ್‌ಮನ್ ಇದ್ದ. ಹತ್ತಿ ಧೂಳು ಕುಡುದು ಕುಡುದು ಎದಿ ಕಟ್ಟಿ, ಅಲ್ಲೇ ಅಂಡಿಗಿಗೆ ಒರಗಿ ಸತ್ತ. ಸತ್ತಿದ್ದು ಪಾಪ ಅವಗ ಯಾರೂ ಹೇಳಿಲ್ಲ ಅನ್ನಸ್ತೈತಿ."

"ಇದನ್ನ ಮೊದ್ಲ ಹೇಳಬಾರದಾ?"

"ಹೇಳಿದ್ರ ನೀ ಬರ್ತಿದ್ದಿಲ್ಲ. ನೀ ಬರದಿದ್ರ ನನ್ನ ಚಾ ಕುಡಿಯೋರು ಯಾರು?"

ಅವಳೇ ಪಕ್ಕದ ಎಸ್‌ಟಿಡಿ ಬೂತಿನಿಂದ ವಕೀಲ ಶಿವಯೋಗಪ್ಪನವರಿಗೆ ಫೋನು ಹಚ್ಚಿದಳು. ಹುಬ್ಬಳ್ಳಿಯ ಲೇಬರ್ ಕೋರ್ಟಿನಲ್ಲಿ ಕೂದಲು ಬೆಳ್ಳಗೆ ಮಾಡಿಕೊಂಡು ಕೊಟ್ಟೂರಿಗೆ ಮರಳಿದ್ದ ಹಿರಿಯರು ಅವರು. ಕೆಲಸ ಕಳಕೊಂಡವರ ಕೇಸೆಂದರೆ ಅವರಿಗೆ ಬಿಸಿ ಹೋಳಿಗೆ. ಸಂಜೆ ಲೂನಾ ಮೇಲೆ ಬಂದಿಳಿದರು. ಕರಿ ಕೋಟು ಒಗೆದು ಒಗೆದು ಬದನೆಕಾಯಿ ಬಣ್ಣಕ್ಕೆ ತಿರುಗಿತ್ತು.

"ನೋಟಿಸು ಕೊಟ್ರೇನು ಮರುಳಪ್ಪ?"

"ಇಲ್ರಿ."

"ವಿಚಾರಣಿ?"

"ಯಾಕ ಓಡಿದಿ ಅಂತ ಕೇಳೀನಲ್ರಿ!"

"ಅದು ವಿಚಾರಣಿ ಅಲ್ಲ, ಬೈಗಳ. ಬೆಕ್ಕನ್ನ ಹೊರಗ ಹಾಕಬೇಕಂದ್ರೂ ಬಾಗಿಲಾ ತಗೀತಾರ. ನೀವು ಮನುಷ್ಯಾನ್ನ ಕಿಡಕ್ಯಾಗಿಂದ ಒಗದೀರಿ."

ಮರುಳಪ್ಪನ ಹಣೆ ಬೆವರಿತು. ಕೆಂಚಕ್ಕ ಟ್ರಂಕಿನಿಂದ ಅರ್ಧ ಎದ್ದಳು. ಕೆಲಸ ಇನ್ನೇನು ಕೈಗೆ ಬಂತು ಅನ್ನುವಾಗ ವಕೀಲರು ಜಂಬಯ್ಯನ ಕಡೆ ತಿರುಗಿದರು.

"ವಕೀಲನ ಮುಂದ ಸುಳ್ಳು ಹೇಳಬಾರದು. ಯಾಕ ಓಡಿದಿ?"

ಜಂಬಯ್ಯ ಹೇಳಿದ. ಮರುಳಪ್ಪ ನಗಲು ಬಾಯಿ ತೆರೆದ. ನಗು ಬರಲಿಲ್ಲ.

"ನಡೀರಿ, ಜಾಗ ನೋಡೋಣು. ಕೆಲಸದ ಜಾಗ ಕೆಲಸ ಮಾಡೋಹಂಗ ಐತೋ ಇಲ್ಲೋ ನಾ ನೋಡಬೇಕು" ಎಂದರು ವಕೀಲರು.

ಮರುಳಪ್ಪ ಬೀಗ ತೆಗೆದ. ಮೈಲಮ್ಮನೂ ಅವರ ಹಿಂದೆ ಒಳಗೆ ಬಂದಳು. ಒಳಗೆ ಕತ್ತಲು ಇಳಿಯುತ್ತಿತ್ತು. ಅಷ್ಟು ಜನ ನಡೆದರೂ ಹೆಜ್ಜೆಯ ಸದ್ದಿಲ್ಲ. ಜಂಬಯ್ಯ ತನ್ನ ಪೊರಕೆ ಬಿದ್ದ ಜಾಗ ನೋಡಿದ. ಪೊರಕೆ ಮೂಲೆಯಲ್ಲಿ ನೆಟ್ಟಗೆ ನಿಂತಿತ್ತು. ಅವನು ಅರ್ಧಕ್ಕೆ ಬಿಟ್ಟು ಹೋಗಿದ್ದ, ಮೇಕೆಗಳು ತುಳಿದು ಹೋಗಿದ್ದ ನೆಲವನ್ನು ಯಾರೋ ಚೊಕ್ಕಟವಾಗಿ ಗುಡಿಸಿದ್ದರು.

"ಒಳಗ ಯಾರದೀರಿ?" ಎಂದು ವಕೀಲರು ಕೂಗಿದರು.

ಕೆಮ್ಮು.

ಮರುಳಪ್ಪ ಜಂಬಯ್ಯನ ತೋಳು ಹಿಡಿದ. ಜಂಬಯ್ಯ ಮೈಲಮ್ಮನ ಸೆರಗು ಹಿಡಿದ. ವಕೀಲರು ಕನ್ನಡಕ ಒರೆಸಿ ಹಾಕಿಕೊಂಡರು. ಎಂಥೆಂಥ ಸಾಕ್ಷಿಗಳನ್ನೋ ಬಾಯಿ ಬಿಡಿಸಿದವರು.

"ಹೌದಾದ್ರ ಒಂದ್ಸಲ ಕೆಮ್ಮ್ರಿ, ಇಲ್ಲಾದ್ರ ಎರಡು ಸಲ. ನೀವು ಪಾಲಣ್ಣಾರಾ?"

ಒಂದು ಕೆಮ್ಮು.

"ಕೆಲಸದಿಂದ ತಗದೀವಂತ ನಿಮಗ ಯಾರರ ಹೇಳ್ಯಾರ?"

ಎರಡು.

"ನೀವಾಗೇ ಬಿಟ್ಟೀರಾ?"

ಎರಡು. ಎರಡನೆಯದರಲ್ಲಿ ಸಿಟ್ಟಿತ್ತು.

"ಇವತ್ತು ನೆಲ ಗುಡಿಸಿದ್ದು?"

ಒಂದು. ಬಹಳ ಹತ್ತಿರದಿಂದ.

ವಕೀಲರ ಮುಖ ಅರಳಿತು. "ಮರುಳಪ್ಪ, ಇವ್ರನ್ನ ನೀವು ತಗದಿಲ್ಲ, ಇವ್ರಾಗೇ ಬಿಟ್ಟಿಲ್ಲ, ಇವತ್ತಿನ ತನಕ ಕೆಲಸ ಮಾಡ್ಯಾರ. ಅಂದ್ರ ಈ ಜಾಗ ಖಾಲಿ ಆಗೇ ಇಲ್ಲ. ಒಂದು ಕೆಲಸಕ್ಕ ಇಬ್ಬರಾದ್ರ, ಕಡೀಗೆ ಬಂದವ ಮೊದ್ಲು ಹೋಗಬೇಕು. ಕಾನೂನು."

"ಕಡೀಗೆ ಬಂದವ ನಾನ್ರೀ, ವಕೀಲ್ರೆ!" ಎಂದ ಜಂಬಯ್ಯ.

"ಹೂಂನಪಾ. ಅದಕ್ಕ ನಿನ್ನ ಕೇಸು ನಾ ಹಿಡಿಯೋಹಂಗಿಲ್ಲ. ಇವರದು ಹಿಡೀತೀನಿ. ನನ್ನ ಜನ್ಮದಾಗ ಇಷ್ಟು ಗಟ್ಟಿ ಕೇಸು ಕಂಡಿಲ್ಲ."

"ಅವ ಸತ್ತಾನ್ರೀ!"

"ಸತ್ತವ್ರನ್ನ ತಗೀಬೇಕಂದ್ರೂ ಒಂದು ರೀತಿ ರಿವಾಜು ಐತಿ."

ಜಂಬಯ್ಯನ ತೋಳಿನ ಮೇಲಿದ್ದ ಮರುಳಪ್ಪನ ಹಿಡಿತ ಮೆಲ್ಲಗೆ ಸಡಿಲಾಯಿತು. "ಆತು ಬಿಡ್ರಿ, ಪಾಲಣ್ಣನ ಇರ್ಲಿ. ಅವ ಗೇಟು ತೆರೆದಿಟ್ಟು ಓಡಂಗಿಲ್ಲ. ಮ್ಯಾಕಿನೂ ಅವಗ ಅಂಜತಾವ."

ಹೊರಡುವ ಮುಂಚೆ ವಕೀಲರು ಕತ್ತಲಿನತ್ತ ಬಾಗಿ ತಮ್ಮ ಹೊಸ ಕಕ್ಷಿದಾರನಿಗೆ ಬುದ್ಧಿ ಹೇಳಿದರು. "ಪಾಲಣ್ಣಾರ, ಇನ್ನ ಮ್ಯಾಲೆ ಯಾರು ಏನು ಕೇಳಿದ್ರೂ ಬಾಯಿ ಬಿಡಬ್ಯಾಡ್ರಿ. ನನ್ನ ಕೇಳದ ಒಂದು ಕೆಮ್ಮೂ ಬ್ಯಾಡ."

ಲೂನಾ ಹೋಯಿತು. ಮರುಳಪ್ಪ ಅದರ ಹಿಂದೆಯೇ ಹೋದ. ಎಣ್ಣೆ ಕಾದೈತಿ ಎಂದು ಮೈಲಮ್ಮ ಓಡಿದಳು. ದೀಪ ಹಚ್ಚುವ ಹೊತ್ತು ಮೀರಿತ್ತು. ಕೆಂಚಕ್ಕ ಖೋಲಿಯ ಮುಂದೆ ಕತ್ತಲಲ್ಲಿ ಕೂತೇ ಇದ್ದಳು. ಜಂಬಯ್ಯ ಗೋಡೌನಿನ ಬಾಗಿಲಲ್ಲಿ ನಿಂತು ಒಳಗೆ ಕೈ ಮುಗಿದ.

"ಯಣ್ಣಾ ಪಾಲಣ್ಣ, ನೀನರ ರಾಜೀನಾಮಿ ಕೊಡಪಾ."

ಒಳಗೆ ಯಾರೂ ಕೆಮ್ಮಲಿಲ್ಲ.